ಚಿಲಕ ಕೂರದ ಗೇಟು ಮತ್ತು ಒಂದು ಕಬ್ಬಿಣದ ಮೇಜು

ನಿಮ್ಮ ಬೀದಿಯಲ್ಲಿ ಒಂದು ಸುತ್ತು ಹೋಗಿ ಮನೆಮನೆಯ ಗೇಟು ನೋಡಿ ಬನ್ನಿ. ಚಿಲಕ ನೆಟ್ಟಗೆ ಕೂರದ ಗೇಟು ಒಂದಾದರೂ ಸಿಕ್ಕೇ ಸಿಗುತ್ತದೆ. ಆ ಮನೆಯವರು ಒಂದು ಕೈಯಲ್ಲಿ ಗೇಟನ್ನು ಚೂರು ಎತ್ತಿ, ಇನ್ನೊಂದು ಕೈಯಲ್ಲಿ ಚಿಲಕ ತಳ್ಳಿ, ಮೊಣಕಾಲಲ್ಲಿ ಒಂದು ನೂಕು ಕೊಟ್ಟು ಹಾಕುತ್ತಾರೆ. ವಿದ್ಯೆ ಗೊತ್ತಿಲ್ಲದ ನೆಂಟರು ಗೇಟು ತೆರೆದೇ ಬಿಟ್ಟು ಬರುತ್ತಾರೆ, ಹಿಂದೆಯೇ ದನ ಬರುತ್ತದೆ. ಕಂಬ ವಾಲಿತು ಎಂದು ಗಾರೆಯವರನ್ನು ಬೈಯುವುದು ರೂಢಿ. ಅವರದ್ದೇ ತಪ್ಪಿರುವುದೂ ಉಂಟು. ಆದರೆ ಬಹಳ ಸಲ ಆ ಗೇಟು ವೆಲ್ಡಿಂಗ್ ಅಂಗಡಿಯಿಂದ ಟೆಂಪೋ ಹತ್ತುವಾಗಲೇ ತಿರುಚಿಕೊಂಡಿರುತ್ತದೆ.

ಅದಕ್ಕೆ ವೆಲ್ಡರನ ಕೈಯನ್ನೂ ದೂರಬೇಕಿಲ್ಲ. ಅವನು ಕೂತ ಜಾಗ ನೋಡಿ. ಅಂಗಡಿಯ ಮುಂದೆ ರಸ್ತೆ ಬದಿಯ ಮಣ್ಣು, ಅದರ ಮೇಲೆ ಕುಕ್ಕರಗಾಲು. ಒಂದು ಪೈಪಿನ ತುದಿಯ ಕೆಳಗೆ ಇಟ್ಟಿಗೆ ಚೂರು, ಇನ್ನೊಂದರ ಕೆಳಗೆ ಹಳೇ ಬೇರಿಂಗು, ಮೂರನೆಯದರ ಕೆಳಗೆ ಕಾಲಿನ ಹೆಬ್ಬೆರಳು. ಹೀಗೆ ಕೂತು ನಮ್ಮ ವೆಲ್ಡರುಗಳು ಮಾಡುವ ಕೆಲಸ ನೋಡಿದರೆ ಯಾವ ದೇಶದವರಿಗೂ ಬೆರಗಾಗಬೇಕು. ಇಂಥ ಕೈಗಳಿಗೆ ಒಂದು ಸಪಾಟು ಮೇಜು ಸಿಕ್ಕಿದ್ದರೆ ಗೇಟುಗಳ ಕಥೆಯೇ ಬೇರೆ ಇರುತ್ತಿತ್ತು.

ನಾನು ಐಟಿಐನಲ್ಲಿ ವೆಲ್ಡರ್ ಟ್ರೇಡ್ ಹೇಳಿಕೊಡುತ್ತಿದ್ದವನು. ನಿವೃತ್ತಿಯಾದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಬಂದೆ. ತಮ್ಮನ ಮಗ ತೋಟ ನೋಡಿಕೊಳ್ಳುತ್ತಾನೆ. ಅಡಿಕೆ ಗೊನೆ ಸಾಗಿಸುವ ಕೈಗಾಡಿ, ಬೇಯಿಸುವ ಒಲೆಯ ಸ್ಟ್ಯಾಂಡು, ಒಣಗಿಸುವ ಟ್ರಾಲಿ, ಒಂದಲ್ಲ ಒಂದು ಮುರಿಯುತ್ತಲೇ ಇರುತ್ತದೆ. ಪ್ರತಿ ಸಲ ಪೇಟೆಗೆ ಹೊತ್ತುಕೊಂಡು ಹೋಗಿ ಬೇಸತ್ತು ಒಂದು 200 ಆಂಪಿಯರಿನ ಇನ್ವರ್ಟರ್ ಮೆಷಿನ್ನು ತಂದ. ಹೆಗಲಿಗೆ ನೇತುಹಾಕಿಕೊಂಡು ಓಡಾಡಬಹುದಾದ ಡಬ್ಬ. ನಮ್ಮ ಕಾಲದಲ್ಲಿ ಅದೇ ಕೆಲಸಕ್ಕೆ ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರನ್ನು ನಾಲ್ಕು ಜನ ಎಳೆಯಬೇಕಿತ್ತು. ಮೆಷಿನ್ನು ಬಂತು, ಹೆಲ್ಮೆಟ್ಟು ಬಂತು, ರಾಡು ಬಂತು. "ಇನ್ನೇನು ತರ್ಬೇಕು ದೊಡ್ಡಪ್ಪ?" ಎಂದು ಕೇಳಿದ. "ಮೇಜು" ಎಂದೆ. ಅಂಗಳದಲ್ಲಿ ಇಷ್ಟು ಜಾಗ ಇರುವಾಗ ಮೇಜು ಯಾಕೆ ಎಂಬುದು ಅವನ ಪ್ರಶ್ನೆ.

ಉತ್ತರ ಹೇಳುವ ಬದಲು, ಮಕ್ಕಳಿಗೆ ಕ್ಲಾಸಿನಲ್ಲಿ ಮೊದಲ ವಾರವೇ ಮಾಡಿ ತೋರಿಸುತ್ತಿದ್ದುದನ್ನೇ ಮಾಡಿಸಿದೆ. ಒಂದಡಿ ಉದ್ದದ, 6 ಮಿಲಿಮೀಟರ್ ದಪ್ಪದ ಫ್ಲಾಟ್ ಪಟ್ಟಿ ತೆಗೆದುಕೊಂಡು, ಅದರ ಒಂದೇ ಅಂಚಿಗೆ ಉದ್ದಕ್ಕೂ ವೆಲ್ಡ್ ಎಳೆಯಲು ಹೇಳಿದೆ. ಎಳೆದ. ತಣ್ಣಗಾಗಲಿ ಎಂದು ಬಿಟ್ಟೆವು. ಆಮೇಲೆ ಪಟ್ಟಿಯನ್ನು ಮೆಟ್ಟಿಲಿನ ಕಲ್ಲಿಗೆ ಒರಗಿಸಿ ನೋಡಿದರೆ ಬಿಲ್ಲಾಗಿತ್ತು. ವೆಲ್ಡ್ ಮಾಡಿದ ಅಂಚು ಒಳಬಾಗು, ಆಚೆಯ ಅಂಚು ಹೊರಬಾಗು. ಅವನು ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ನಾನು ಯಾವ ಸುತ್ತಿಗೆಯನ್ನೂ ಮುಟ್ಟಿರಲಿಲ್ಲ.

ನಡೆದದ್ದು ಇಷ್ಟು. ಉಕ್ಕಿಗೆ ಶಾಖ ಕೊಟ್ಟರೆ ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಪಟ್ಟಿ 100 ಡಿಗ್ರಿ ಹೆಚ್ಚು ಬಿಸಿಯಾದರೆ ಹೆಚ್ಚುಕಮ್ಮಿ 1.2 ಮಿಲಿಮೀಟರ್ ಉದ್ದವಾಗುತ್ತದೆ. ಇಡೀ ಪಟ್ಟಿ ಒಂದೇ ಸಮ ಬಿಸಿಯಾಗಿ ಒಂದೇ ಸಮ ತಣಿದರೆ ತೊಂದರೆಯಿಲ್ಲ, ಮೊದಲಿದ್ದಲ್ಲಿಗೇ ಬರುತ್ತದೆ. ವೆಲ್ಡಿಂಗಿನಲ್ಲಿ ಹಾಗಾಗುವುದಿಲ್ಲ. ಆರ್ಕಿನ ಶಾಖ ಹಲವು ಸಾವಿರ ಡಿಗ್ರಿ, ಉಕ್ಕು ಕರಗುವುದು ಸುಮಾರು 1500ಕ್ಕೆ. ರಾಡಿನ ತುದಿಯಲ್ಲಿ ಲೋಹ ನೀರಾಗಿರುವಾಗ ಒಂದು ಗೇಣು ಆಚೆ ಕೈಯಿಟ್ಟು ಹಿಡಿಯುವಷ್ಟು ತಣ್ಣಗಿರುತ್ತದೆ. ಬಿಸಿಯಾದ ಭಾಗ ಹಿಗ್ಗಲು ಹೋದರೆ ಸುತ್ತಲಿನ ತಣ್ಣನೆಯ ಉಕ್ಕು ಬಿಡುವುದಿಲ್ಲ. ಮೆತ್ತಗಾಗಿರುವ ಬಿಸಿ ಉಕ್ಕು ಅಲ್ಲೇ ಹಿಸುಕಿಕೊಂಡು ದಪ್ಪಗಾಗುತ್ತದೆ. ತಣಿಯುವಾಗ ಮಾತ್ರ ಪೂರ್ತಿ ಕುಗ್ಗುತ್ತದೆ, ಕುಗ್ಗುವಾಗ ಅಕ್ಕಪಕ್ಕದ್ದನ್ನೂ ತನ್ನ ಕಡೆಗೆ ಎಳೆಯುತ್ತದೆ. ಹಲಸಿನ ಹಪ್ಪಳ ಬಿಸಿಲಿಗೆ ಹಾಕಿದಾಗ ಮೇಲ್ಮೈ ಮೊದಲು ಒಣಗಿ, ಅಂಚು ಮೇಲೆದ್ದು ಬಟ್ಟಲಾಗುವುದು ಗೊತ್ತಲ್ಲ, ಇಲ್ಲಿಯೂ ಅದೇ ಎಳೆತ.

ಆದ್ದರಿಂದ ವೆಲ್ಡ್ ಮಾಡುವ ವಸ್ತುವನ್ನು ತಣಿಯುವ ತನಕ ಹಿಡಿದಿಡಬೇಕು. ಹಿಡಿದಿಟ್ಟರೆ ಎಳೆತ ಪೂರ್ತಿ ಹೋಗುವುದಿಲ್ಲ, ಆದರೆ ಗಣನೀಯವಾಗಿ ಕಡಿಮೆಯಾಗುತ್ತದೆ. ಯಾವುದಕ್ಕೆ ಒತ್ತಿ ಹಿಡಿಯಬೇಕು? ಸಪಾಟಾದ, ತಾನು ಬಾಗದ, ಕ್ಲ್ಯಾಂಪಿಗೆ ಅಂಚು ಕೊಡುವ, ಶಾಖಕ್ಕೆ ಸುಡದ ಒಂದು ವಸ್ತುವಿಗೆ. ಅದೇ ವೆಲ್ಡಿಂಗ್ ಮೇಜು. ಬಹಳ ಜನ ಇದನ್ನು ಸೊಂಟ ನೋವಾಗದೆ ನಿಂತು ಕೆಲಸ ಮಾಡಲು ಇರುವ ಸೌಕರ್ಯ ಎಂದುಕೊಳ್ಳುತ್ತಾರೆ. ಸೊಂಟಕ್ಕೂ ಒಳ್ಳೆಯದೇ, ನನ್ನ ವಯಸ್ಸಿಗಂತೂ ಹೌದು. ಆದರೆ ಮೇಜು ಮೊದಲಿಗೆ ಅಳತೆಯ ಸಾಧನ. ಟೇಪು, ಮೂಲೆಮಟ್ಟ, ರಸಮಟ್ಟ ಯಾವ ಸಾಲಿನಲ್ಲಿವೆಯೋ ಮೇಜೂ ಅದೇ ಸಾಲಿನಲ್ಲಿದೆ. ಇದೊಂದು ಮಾತು ತಲೆಗೆ ಹೋದರೆ ಎಷ್ಟು ದಪ್ಪ, ಎಷ್ಟು ಅಗಲ, ಎಲ್ಲಿ ದುಡ್ಡು ಸುರಿಯಬೇಕು, ಎಲ್ಲಿ ಉಳಿಸಬಹುದು ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ.

ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆಂದೇ ತಯಾರಾದ ಮೇಜುಗಳಿವೆ. ಜರ್ಮನಿಯ ಕಂಪನಿಗಳು ಈ ವಿದ್ಯೆಯನ್ನು ಪಳಗಿಸಿವೆ. ಮೇಲ್ಮೈ ತುಂಬ ಒಂದೇ ಅಂತರದಲ್ಲಿ 16 ಅಥವಾ 28 ಮಿಲಿಮೀಟರಿನ ತೂತುಗಳು. ಅವುಗಳಿಗೆ ಪಿನ್ನು, ಮೂಲೆ, ಕ್ಲ್ಯಾಂಪು ಸಿಕ್ಕಿಸಿ ಒಂದೇ ಅಳತೆಯ ನೂರು ಜಾಬ್, ಅಂದರೆ ವೆಲ್ಡ್ ಮಾಡುವ ವಸ್ತು, ಮಾಡಬಹುದು. ಚೆನ್ನಾಗಿಯೇ ಇವೆ. ಬೆಲೆ ಕೇಳಿದರೆ ಒಂದು ಟಿಲ್ಲರ್ ನೆನಪಾಗುತ್ತದೆ. ದಿನಕ್ಕೊಂದು ಕುರ್ಚಿ ಮಾಡುವವರಿಗೆ ಅದು ಲಾಭ, ವರ್ಷಕ್ಕೆ ನಾಲ್ಕು ಕೈಗಾಡಿ ರಿಪೇರಿ ಮಾಡುವವರಿಗೆ ಅಲ್ಲ. ನಮಗೆ ಬೇಕಾದದ್ದು ಒಂದು ಒಳ್ಳೆಯ ಪ್ಲೇಟು, ಗಟ್ಟಿ ಚೌಕಟ್ಟು, ನಾಲ್ಕು ಕಾಲು.

ಪ್ಲೇಟಿನ ಲೆಕ್ಕ ಬಾಯಿಪಾಠ ಮಾಡಿಕೊಳ್ಳುವಷ್ಟು ಸುಲಭ. ಒಂದು ಚದರ ಮೀಟರ್ ಉಕ್ಕಿನ ಹಾಳೆ ಒಂದು ಮಿಲಿಮೀಟರ್ ದಪ್ಪವಿದ್ದರೆ 7.85 ಕಿಲೋ. ದಪ್ಪದಿಂದ ಗುಣಿಸುತ್ತಾ ಹೋಗಿ. ನಾವು ಆರಿಸಿದ್ದು 1200ಕ್ಕೆ 600 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ನಾಲ್ಕಡಿಗೆ ಎರಡಡಿ. 10 ಮಿಲಿಮೀಟರ್ ದಪ್ಪಕ್ಕೆ ತೂಕ 56.5 ಕಿಲೋ, 12ಕ್ಕೆ ಹೋದರೆ ಸುಮಾರು 68. ಇಬ್ಬರು ಎತ್ತಿ ತಿರುಗಿಸಬಹುದಾದ ಭಾರ. ಇದಕ್ಕಿಂತ ದೊಡ್ಡದಾದರೆ ಆ ಮೇಜು ಅಡಿಕೆ ಮೂಟೆ ಇಡುವ ಜಾಗವಾಗುತ್ತದೆ, ನೀವು ಬೇಡವೆಂದರೂ ಮನೆಯವರು ಇಡುತ್ತಾರೆ.

5 ಮಿಲಿಮೀಟರ್ ಸಾಕಲ್ಲವೇ, ದುಡ್ಡು ಅರ್ಧ ಉಳಿಯಿತು ಎಂದು ಹುಡುಗ ಕೇಳಿದ. ಸಾಲದು. ತಗಡು ಬಾಗದಂತೆ ತಡೆಯುವ ಶಕ್ತಿ ದಪ್ಪದ ಜೊತೆ ನೇರವಾಗಿ ಏರುವುದಿಲ್ಲ, ಅದರ ಘನದಲ್ಲಿ ಏರುತ್ತದೆ. ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟು. 5ರ ಪ್ಲೇಟಿಗೆ ಒಂದು ಸಿ-ಕ್ಲ್ಯಾಂಪ್ ಬಿಗಿದರೆ ಪ್ಲೇಟೇ ಜಾಬಿನ ಕಡೆಗೆ ಬಾಗಿ ಬರುತ್ತದೆ. ಆಗ ಯಾವುದು ಯಾವುದನ್ನು ನೆಟ್ಟಗೆ ಹಿಡಿದಂತಾಯಿತು? 10ರ ಪ್ಲೇಟೂ ಅಂಥ ವೀರನೇನಲ್ಲ. 1200 ಉದ್ದದ 10 ಮಿಲಿಮೀಟರ್ ಪ್ಲೇಟನ್ನು ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ಇಟ್ಟರೆ ಬರೀ ತನ್ನ ಭಾರಕ್ಕೇ ನಡುವಲ್ಲಿ ಸುಮಾರು 1 ಮಿಲಿಮೀಟರ್ ಜೋಲುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಲೆಕ್ಕಕ್ಕೆ ಕಾಣುತ್ತದೆ. ಆದ್ದರಿಂದ ಕೆಳಗಿನ ಚೌಕಟ್ಟು ಅಲಂಕಾರಕ್ಕಲ್ಲ, ನಡುವೆ ಒಂದು ಅಡ್ಡಪಟ್ಟಿ ಇರಲೇಬೇಕು.

ಪ್ಲೇಟು ಹುಡುಕಲು ಶಿವಮೊಗ್ಗಕ್ಕೆ ಹೋದೆವು. ಹೊಸ ಪ್ಲೇಟು ಸ್ಟೀಲ್ ಅಂಗಡಿಯಲ್ಲಿ ಸಿಗುತ್ತದೆ. ಐಎಸ್ 2062 ಎಂದು ಕೇಳಿದರೆ ಸಾಮಾನ್ಯ ಕಟ್ಟಡ, ಯಂತ್ರಗಳಿಗೆ ಬಳಸುವ ಉಕ್ಕು ಕೊಡುತ್ತಾರೆ. ಆ ದಿನದ ದರಕ್ಕೆ ನೂರಕ್ಕೆ ಹದಿನೆಂಟು ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿಕೊಳ್ಳಿ. ನನಗೆ ಗುಜರಿಯ ಮೇಲೆ ಹೆಚ್ಚು ಪ್ರೀತಿ. ಪಕ್ಕದಲ್ಲೇ ಭದ್ರಾವತಿ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ 1923ರಲ್ಲಿ ಮಲೆನಾಡಿನ ಕಟ್ಟಿಗೆಯ ಇದ್ದಿಲು ಸುಟ್ಟು ಕಬ್ಬಿಣ ಕರಗಿಸಲು ಶುರು ಮಾಡಿದ ಊರು. ಸುತ್ತಮುತ್ತ ಫೌಂಡ್ರಿಗಳು, ಮಾಚೇನಹಳ್ಳಿಯ ಶೆಡ್ಡುಗಳು. ಹೀಗಾಗಿ ಈ ಭಾಗದ ಗುಜರಿಯವರಿಗೆ ಕಬ್ಬಿಣದ ಜಾತಕ ಗೊತ್ತು. "ಇದು ಯಾವುದರದ್ದು ಸಾಹೇಬ್ರೇ?" ಎಂದು ಕೇಳಿದರೆ ಯಂತ್ರದ ಹೆಸರನ್ನೇ ಹೇಳುತ್ತಾರೆ.

ಗುಜರಿಯಲ್ಲಿ ಬಿಡಬೇಕಾದವು ಕೆಲವಿವೆ. ಚೆಕ್ಕರ್ಡ್ ಪ್ಲೇಟು, ಅಂದರೆ ಬಸ್ಸಿನ ಮೆಟ್ಟಿಲಿನ ಮೇಲಿರುವ ಉಬ್ಬುಗೆರೆಯದ್ದು, ಎಷ್ಟೇ ಅಗ್ಗವಾದರೂ ಬೇಡ. ಗ್ಯಾಸ್ ಕಟಿಂಗ್ ಮಾಡಿ ತುಂಡರಿಸಿದ ಪ್ಲೇಟಿನ ಅಂಚು ಶಾಖಕ್ಕೆ ಎಳೆದಿರುತ್ತದೆ, ಪರೀಕ್ಷೆ ಮಾಡಿ ತೆಗೆದುಕೊಳ್ಳಿ. ಬಿಳಿ ಹೊಳಪಿನ ಜಿಐ ಲೇಪನ ಇದ್ದರೆ ಮುಟ್ಟಬೇಡಿ, ಕಾರಣ ಆಮೇಲೆ ಹೇಳುತ್ತೇನೆ. ಇನ್ನು ರೈಲು ಹಳಿಯ ತುಂಡು. ಬಡಿಗಲ್ಲಾಗಿ ಬಳಸಲು ಅದರಂಥ ವಸ್ತು ಇನ್ನೊಂದಿಲ್ಲ, ಎಲ್ಲ ವೆಲ್ಡರುಗಳಿಗೂ ಆಸೆ. ಆದರೆ ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯೇ ಇದೆ. ಹರಾಜಿನಲ್ಲಿ ಕೊಂಡ ರಸೀದಿ ತೋರಿಸಿದರೆ ಮಾತ್ರ ಕೊಳ್ಳಿ.

ಸಪಾಟು ಪರೀಕ್ಷೆಗೆ ಗಾರೆಯವರು ಗೋಡೆ ಎಳೆಯುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಒಯ್ದಿದ್ದೆ. ಮೊದಲು ಆ ಪಟ್ಟಿಯನ್ನೇ ಪರೀಕ್ಷಿಸಬೇಕು. ನೆಲದ ಮೇಲೆ ಪಟ್ಟಿ ಇಟ್ಟು ಪೆನ್ಸಿಲಿನಿಂದ ಗೆರೆ ಎಳೆಯಿರಿ, ಪಟ್ಟಿಯನ್ನು ಮಗುಚಿ ಅದೇ ಅಂಚನ್ನು ಗೆರೆಯ ಇನ್ನೊಂದು ಬದಿಗೆ ತಂದು ಮತ್ತೆ ಎಳೆಯಿರಿ. ಎರಡು ಗೆರೆ ಒಂದೇ ಆದರೆ ಪಟ್ಟಿ ನೆಟ್ಟಗಿದೆ. ಆಮೇಲೆ ಅದನ್ನು ಪ್ಲೇಟಿನ ಮೇಲೆ ಉದ್ದ, ಅಗಲ, ಓರೆ, ಎಲ್ಲ ದಿಕ್ಕಿಗೂ ನಿಲ್ಲಿಸಿ ಹಿಂದಿನಿಂದ ಟಾರ್ಚ್ ಬಿಡಿ. ಕೆಳಗೆ ಬೆಳಕು ನುಸುಳಿದಲ್ಲಿ ಸಂದು ಅಳೆಯುವ ಫೀಲರ್ ಗೇಜ್ ತೂರಿಸಿ. ಅರ್ಧ ಮಿಲಿಮೀಟರಿನೊಳಗೆ ಇದ್ದರೆ ಮನೆ ಕೆಲಸಕ್ಕೆ ಧಾರಾಳ. ಒಂದೂವರೆ, ಎರಡು ಇದ್ದರೆ ಮುಂದಿನ ಪ್ಲೇಟು ನೋಡಿ. ಗುಜರಿಯವನು ನಗುತ್ತಾನೆ, ನಗಲಿ.

ತಿರುಚು ಬೇರೆ ರೋಗ. ಅಂಚುಗಳೆಲ್ಲ ನೆಟ್ಟಗಿದ್ದೂ ಒಂದು ಮೂಲೆ ಮೇಲೆದ್ದಿರಬಹುದು. ಅದಕ್ಕೆ ದಾರದ ಪರೀಕ್ಷೆ. ನಾಲ್ಕು ಮೂಲೆಗೆ ಒಂದೇ ಅಳತೆಯ ನಾಲ್ಕು ನಟ್ಟು ಇಟ್ಟು, ಮೂಲೆಯಿಂದ ಮೂಲೆಗೆ ಎರಡು ದಾರ ಬಿಗಿಯಾಗಿ ಎಳೆಯಿರಿ. ನಡುವೆ ದಾರಗಳು ಮುಟ್ಟಿಯೂ ಮುಟ್ಟದಂತೆ ಸೋಕಿದರೆ ಪ್ಲೇಟು ಸರಿ. ಸಂದು ಬಿಟ್ಟರೆ ಅಥವಾ ಒಂದು ಇನ್ನೊಂದನ್ನು ಒತ್ತಿದರೆ ತಿರುಚಿದೆ ಎಂದರ್ಥ. ಮೇಲಿನ ದಾರವನ್ನು ಕೆಳಗೆ ಮಾಡಿ ಇನ್ನೊಮ್ಮೆ ನೋಡಿದರೆ ಸಂಶಯ ಉಳಿಯುವುದಿಲ್ಲ. ಗೇಟಿಗೂ ಇದೇ ಪರೀಕ್ಷೆ ಸಾಕು. ಹೊಸ ಗೇಟು ಮನೆಗೆ ಬಂದಾಗ ಬಣ್ಣ ಬಳಿಯುವ ಮೊದಲು ಮಾಡಿ ನೋಡಿ.

ಪ್ಲೇಟು, ಪೈಪು ಎಲ್ಲ ಅಂಗಳಕ್ಕೆ ಬಂದ ಮೇಲೆ ಹುಡುಗ ಒಂದು ಪ್ರಶ್ನೆ ಹಾಕಿದ. "ದೊಡ್ಡಪ್ಪ, ಸಪಾಟು ಮೇಜಿಲ್ಲದೆ ಚೌಕಟ್ಟು ಸೊಟ್ಟಾಗ್ತದೆ ಅಂತೀರಿ. ಹಾಗಾದ್ರೆ ಈ ಮೊದಲ್ನೇ ಮೇಜಿನ ಚೌಕಟ್ಟನ್ನ ಯಾವ ಮೇಜಿನ ಮೇಲೆ ಮಾಡೋದು?"

ಐಟಿಐನಲ್ಲಿ ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಂಗ್ಲೆಂಡಿನ ಯಂತ್ರ ತಯಾರಕರನ್ನು ಕಾಡಿದ್ದೂ ಇದೇ. ಸಪಾಟಾದದ್ದನ್ನು ಮಾಡಲು ಸಪಾಟಾದದ್ದು ಬೇಕು, ಹಾಗಾದರೆ ಮೊದಲನೆಯದು ಎಲ್ಲಿಂದ? ಲಂಡನ್ನಿನ ಹೆನ್ರಿ ಮಾಡ್‌ಸ್ಲೆ ತನ್ನ ಕಾರ್ಖಾನೆಯ ಕೆಲಸಗಾರರ ಮುಂದೆ ಸಪಾಟು ಲೋಹದ ಫಲಕಗಳನ್ನು ಇಡಿಸಿದ್ದ. ಅವನ ಬಳಿ ಕೆಲಸ ಮಾಡಿದ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋದ ಸಭೆಯೊಂದರಲ್ಲಿ ಫಲಕ ಸಪಾಟು ಮಾಡುವ ಕ್ರಮವನ್ನು ವಿವರಿಸಿದ. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಮೋಸ ಹೋಗಬಹುದು, ಒಂದು ಉಬ್ಬಿ ಇನ್ನೊಂದು ತಗ್ಗಿದ್ದರೂ ಅವು ಕೂಡಿಕೊಳ್ಳುತ್ತವೆ. ಮೂರು ಫಲಕ ತೆಗೆದುಕೊಂಡು, ಬಣ್ಣ ಹಚ್ಚಿ ಒತ್ತಿ ಎಲ್ಲಿ ತಾಗುತ್ತದೋ ಅಲ್ಲಿ ಕೆರೆಯುತ್ತಾ, ಒಂದು-ಎರಡು, ಎರಡು-ಮೂರು, ಮೂರು-ಒಂದು ಎಂದು ಅದಲುಬದಲು ಮಾಡುತ್ತಾ ಹೋದರೆ ಮೂರೂ ಪರಸ್ಪರ ಕೂಡುವುದು ಮೂರೂ ಸಪಾಟಾದಾಗ ಮಾತ್ರ. ಯಾವ ಯಂತ್ರವೂ ಇಲ್ಲದೆ, ಕೈಕೆಲಸದಿಂದ ಹುಟ್ಟಿದ ಕರಾರುವಾಕ್ಕು. ಇವತ್ತಿಗೂ ಟೂಲ್ ರೂಮಿನ ಸರ್ಫೇಸ್ ಪ್ಲೇಟಿನ ಹಿಂದೆ ಈ ಮೂರರ ತರ್ಕವೇ ಇದೆ.

ನಮಗೆ ಅಷ್ಟು ಕೆರೆಯುವ ಅಗತ್ಯವಿರಲಿಲ್ಲ. ಸಪಾಟು ಪ್ಲೇಟನ್ನು ಆಗಲೇ ತಂದಿದ್ದೆವಲ್ಲ, ಅದೇ ನಮ್ಮ ಮೊದಲ ಮೇಜು. ಒಳ್ಳೆಯ ಮೈಯನ್ನು ಕೆಳಗೆ ಮಾಡಿ ಅಂಗಳದ ಸಿಮೆಂಟಿನ ಮೇಲೆ ಮಲಗಿಸಿದೆವು. ಅಂಗಳ ನೀರು ಹೋಗಲೆಂದು ಇಳಿಜಾರಿತ್ತು, ಅಲ್ಲಲ್ಲಿ ತಗ್ಗು. ಪ್ಲೇಟಿನ ಕೆಳಗೆ ತಗಡಿನ ಚೂರು ತೂರಿಸುತ್ತಾ, ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡುತ್ತಾ, ಎಲ್ಲ ಕಡೆ ಆಸರೆ ಸಿಗುವಂತೆ ಮಾಡಿದೆವು. ಮಟ್ಟಕ್ಕೆ ಬರಬೇಕಿಲ್ಲ, ಸಪಾಟಿದ್ದರೆ ಸಾಕು. ಇಳಿಜಾರಿನಲ್ಲಿಯೂ ಸಪಾಟು ಸಪಾಟೇ. ಅದರ ಬೆನ್ನ ಮೇಲೆಯೇ ಚೌಕಟ್ಟು ಕಟ್ಟಿದೆವು. ಕಿಡಿ, ಸಿಡಿದ ಲೋಹದ ಉಗುಳು ಬಿದ್ದರೂ ಚಿಂತೆಯಿಲ್ಲ, ಅದು ಅಡಿಭಾಗ.

ಚೌಕಟ್ಟಿಗೆ 50 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಸ್ಕ್ವೇರ್ ಪೈಪು. ಮೀಟರಿಗೆ ನಾಲ್ಕೂವರೆ ಕಿಲೋಗೆ ಚೂರು ಕಡಿಮೆ. 6 ಮೀಟರಿನ ಎರಡು ಲೆಂತ್ ತಂದರೆ ಮೇಜು ಮುಗಿದು ವೈಸ್ ಕೂರಿಸುವ ತೋಳಿಗೂ ಕೆಳಗಿನ ಹಲಗೆಗೂ ಉಳಿಯುತ್ತದೆ. ಚೌಕಟ್ಟು ಪ್ಲೇಟಿಗಿಂತ ಸುತ್ತಲೂ 75 ಮಿಲಿಮೀಟರ್ ಒಳಗಿರಬೇಕು, ಅಂದರೆ 1050ಕ್ಕೆ 450. ಪ್ಲೇಟಿನ ಅಂಚಿಗೆ ಕ್ಲ್ಯಾಂಪಿನ ಬಾಯಿ ಹೋಗಲು ಆ ಜಾಗ ಬೇಕು. ಅಂಚಿಗೇ ಪೈಪು ತಂದು ವೆಲ್ಡ್ ಮಾಡಿ ಆಮೇಲೆ ಕ್ಲ್ಯಾಂಪ್ ಎಲ್ಲಿ ಹಾಕಲಿ ಎಂದು ತಲೆ ಕೆರೆದುಕೊಂಡ ಅಂಗಡಿಗಳನ್ನು ನೋಡಿದ್ದೇನೆ.

ಮೂಲೆಗಳು ಲಂಬವಾಗಿವೆಯೇ ಎಂದು ಮೂಲೆಮಟ್ಟ ಹೇಳುತ್ತದೆ, ಆದರೆ ಅದರ ತೋಳು ಗಿಡ್ಡ. ಕರ್ಣ ಅಳೆಯಿರಿ. 1050 ಮತ್ತು 450ರ ಚೌಕಟ್ಟಿಗೆ ಎರಡು ಕರ್ಣವೂ 1142 ಮಿಲಿಮೀಟರ್ ಬರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಉದ್ದದ ಕರ್ಣದ ಮೂಲೆಗೆ ಮರದ ಸುತ್ತಿಗೆಯಿಂದ ಒಂದು ಪೆಟ್ಟು. ಎರಡೂ ಸಮವಾದ ಮೇಲೆ ಪ್ಲೇಟಿಗೆ ಕ್ಲ್ಯಾಂಪ್ ಬಿಗಿದು ಪ್ರತಿ ಮೂಲೆಗೆ ಚುಕ್ಕೆಯಷ್ಟು ಬೆಸುಗೆಯ ಸಣ್ಣ ಟ್ಯಾಕ್ ಹಾಕಿ, ಮತ್ತೆ ಕರ್ಣ ನೋಡಿ, ಆಮೇಲಷ್ಟೇ ಪೂರ್ತಿ ವೆಲ್ಡ್. ಒಂದು ಮೂಲೆ ಮುಗಿಸಿ ಪಕ್ಕದ ಮೂಲೆಗೆ ಹೋಗಬಾರದು. ಎದುರು ಮೂಲೆಗೆ ಹೋಗಿ, ಮೊದಲನೆಯದು ತಣಿಯಲಿ. 3 ಮಿಲಿಮೀಟರ್ ಪೈಪಿಗೆ 2.5ರ ರಾಡು ಸಾಕು, ಅಂಗಡಿಯಲ್ಲಿ 12 ಗೇಜ್ ಎಂದು ಕೇಳಿ. 70ರಿಂದ 80 ಆಂಪಿಯರ್. ಹೊಸಬರಿಗೆ 6013 ಎಂಬ ಗುರುತಿನ ರಾಡು ಒಳ್ಳೆಯದು, ಸಲೀಸಾಗಿ ಹತ್ತಿಕೊಳ್ಳುತ್ತದೆ, ಮೇಲಿನ ಕಿಟ್ಟ ಸುಲಭವಾಗಿ ಬಿಡುತ್ತದೆ. ಮೇಷ್ಟರ ಮಾತು ಎಂದು ಹುಡುಗ ಎಲ್ಲ ಪಾಲಿಸಿದ. ತಣಿಯುವ ತನಕ ಕ್ಲ್ಯಾಂಪ್ ಬಿಚ್ಚಬೇಡ ಎಂದದ್ದನ್ನು ಮಾತ್ರ ಮೂರು ಸಲ ಹೇಳಬೇಕಾಯಿತು. ಆ ವಯಸ್ಸಿನಲ್ಲಿ ಕಾಯುವುದು ಯಾರಿಗೂ ಬಾರದು.

ಈಗ ಮುಖ್ಯ ವಿಷಯ. ಪ್ಲೇಟನ್ನು ಚೌಕಟ್ಟಿಗೆ ಸುತ್ತಲೂ ವೆಲ್ಡ್ ಮಾಡಿ ಕೂರಿಸುವುದು ಊರ ವಾಡಿಕೆ. ಗಟ್ಟಿಯಾಗುತ್ತದೆ, ನಿಜ. ಆದರೆ ಇಷ್ಟು ಹುಡುಕಿ ತಂದ ಸಪಾಟು ಪ್ಲೇಟನ್ನು ಅದೇ ವೆಲ್ಡಿಂಗಿನ ಎಳೆತ ಹಾಳು ಮಾಡುತ್ತದೆ. ವೆಲ್ಡೇ ಬೇಕೆಂದರೆ ಇಂಚುದ್ದ ವೆಲ್ಡ್, ಒಂದಡಿ ಬಿಡುವು, ಮತ್ತೆ ಇಂಚು, ಹಾಗೆ ಮಾಡಬಹುದು. ನನಗೆ ಬೋಲ್ಟಿನ ಮೇಲೆ ನಂಬಿಕೆ. ಚೌಕಟ್ಟಿನ ಒಳಬದಿಗೆ ಆರು ಕಡೆ ಆ್ಯಂಗ್ಲರ್ ತುಂಡುಗಳನ್ನು ಕಿವಿಯಂತೆ ಬೆಸೆದು ತೂತು ಕೊರೆದೆವು. ಪ್ಲೇಟಿನಲ್ಲಿಯೂ ಆರು ತೂತು, ಮೇಲ್ಗಡೆ ತಲೆ ಮುಳುಗುವಂತೆ ಕೌಂಟರ್‌ಸಿಂಕ್. 10 ಮಿಲಿಮೀಟರಿನ ತಲೆಮುಳುಗು ಬೋಲ್ಟನ್ನು ಮೇಲಿನಿಂದ ಇಳಿಸಿ, ಪ್ಲೇಟಿನ ಅಡಿಗೆ ಒಂದು ನಟ್ಟು ಬಿಗಿದರೆ ಬೋಲ್ಟು ಪ್ಲೇಟಿಗೆ ಅಂಟಿತು. ಅದರ ಕೆಳಗೆ ಕಿವಿಯ ಮೇಲೊಂದು ನಟ್ಟು, ಕಿವಿಯ ಅಡಿಗೊಂದು ನಟ್ಟು. ಮೇಲಿನದನ್ನು ತಿರುಗಿಸಿದರೆ ಪ್ಲೇಟು ಅಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ, ಕೆಳಗಿನದು ಬಿಗಿಯುತ್ತದೆ. 10 ಮಿಲಿಮೀಟರಿನ ಈ ಪ್ಲೇಟನ್ನು ನಡುವಲ್ಲಿ 1 ಮಿಲಿಮೀಟರ್ ಎತ್ತಲು 30 ಕಿಲೋ ಭಾರದಷ್ಟು ಒತ್ತಡ ಸಾಕು, ಸ್ಪ್ಯಾನರಿಗೆ ಅದು ಲೆಕ್ಕಕ್ಕಿಲ್ಲ. ಅಲ್ಯೂಮಿನಿಯಂ ಪಟ್ಟಿಯನ್ನೂ ದಾರವನ್ನೂ ಇಟ್ಟುಕೊಂಡು ಒಂದು ಮಧ್ಯಾಹ್ನ ನಟ್ಟು ತಿರುಗಿಸುತ್ತಾ ಕೂತರೆ ಇದ್ದ ಅಲ್ಪಸ್ವಲ್ಪ ಏರುತಗ್ಗೂ ಸರಿಹೋಗುತ್ತದೆ. ಮುಂದೆಂದಾದರೂ ಬಾಗಿದರೆ ಮತ್ತೆ ಸರಿಮಾಡಬಹುದು. ಮೇಲ್ಮೈ ತೀರಾ ಹಾಳಾದರೆ ಬಿಚ್ಚಿ ಬೇರೆ ಪ್ಲೇಟು ಹಾಕಬಹುದು.

ಕಾಲುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಕಾಲು, ಪ್ರತಿ ಕಾಲಿನ ಬುಡಕ್ಕೆ ನಟ್ಟು ಬೆಸೆದು 16 ಮಿಲಿಮೀಟರಿನ ಬೋಲ್ಟು. ನೆಲ ಹೇಗಿದ್ದರೂ ತಿರುಗಿಸಿ ಮಟ್ಟ ಮಾಡಿಕೊಳ್ಳಬಹುದು. ಎತ್ತರ ಅವರವರ ಮೈಗೆ ತಕ್ಕಂತೆ. ನಿಂತಾಗ ಮೊಣಕೈಗಿಂತ ಒಂದು ಗೇಣು ಕೆಳಗಿದ್ದರೆ ನನಗೆ ಹಿತ, ನಮ್ಮ ಹುಡುಗನಿಗೆ ಅದು 87 ಸೆಂಟಿಮೀಟರ್ ಆಯಿತು. ಚಕ್ರ ಬೇಡ ಎಂಬುದು ನನ್ನ ಹಟ. ಸುತ್ತಿಗೆ ಪೆಟ್ಟಿಗೆ ಓಡುವ ಮೇಜು ಮೇಜೇ ಅಲ್ಲ.

ಬಣ್ಣ ಕಾಲಿಗೆ ಹಚ್ಚಿ, ಮೇಲ್ಮೈಗೆ ಹಚ್ಚಬೇಡಿ. ಅರ್ತ್ ಕ್ಲ್ಯಾಂಪನ್ನು ಮೇಜಿಗೇ ಸಿಕ್ಕಿಸುತ್ತೇವೆ, ಕರೆಂಟು ಪ್ಲೇಟಿನ ಮೂಲಕ ಜಾಬಿಗೆ ಹೋಗಬೇಕು, ಬಣ್ಣ ಅಡ್ಡ ಬಂದರೆ ಆರ್ಕು ತೊದಲುತ್ತದೆ. ಅಂದಮೇಲೆ ಇಡೀ ಮೇಜು ಮೆಷಿನ್ನಿನ ಒಂದು ತುದಿಯಾಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ. ಹೋಲ್ಡರನ್ನು ರಾಡಿನ ಸಮೇತ ಮೇಜಿನ ಮೇಲೆ ಎಸೆದರೆ ಅಲ್ಲೇ ಕಿಡಿ ಏಳುತ್ತದೆ. ಪಕ್ಕಕ್ಕೊಂದು ಮರದ ಗೂಟ ಹೊಡೆದು ಅದಕ್ಕೆ ನೇತುಹಾಕಿ. ಸುಮ್ಮನಿರುವಾಗಲೂ ಆ ಎರಡು ತುದಿಗಳ ನಡುವೆ 60ರಿಂದ 80 ವೋಲ್ಟ್ ಇರುತ್ತದೆ. ಒಣ ಮೈಗೆ ಸಾಮಾನ್ಯವಾಗಿ ಗೊತ್ತಾಗದು. ಮಳೆಗಾಲದಲ್ಲಿ ಒದ್ದೆ ಕಾಲು, ಬೆವರಿದ ಕೈಯಲ್ಲಿ ಅಪಾಯ. ಹವಾಯಿ ಚಪ್ಪಲಿ ಬಿಟ್ಟು ರಬ್ಬರ್ ಅಟ್ಟೆಯ ಬೂಟು ಹಾಕಿ.

100 ಆಂಪಿಯರಿನಲ್ಲಿ ಕೆಲಸ ಮಾಡುವಾಗ ಇಂಥ ಮೆಷಿನ್ನು ಸುಮಾರು 3 ಕಿಲೋವ್ಯಾಟ್ ಎಳೆಯುತ್ತದೆ. ಮನೆಯ 16 ಆಂಪಿಯರ್ ಪ್ಲಗ್ಗಿಗೆ ಅದು ತುತ್ತತುದಿ. ಮೀಟರ್ ಬೋರ್ಡಿನಿಂದಲೇ 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಬೇರೆ ಲೈನು, ಅದಕ್ಕೊಂದು ಎಂಸಿಬಿ, ಸರಿಯಾದ ಅರ್ತಿಂಗ್, ಇಷ್ಟನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಮಾಡಿಸಿ. ಇದರಲ್ಲಿ ಉಳಿತಾಯ ನೋಡಬೇಡಿ.

ಮಲೆನಾಡಿನ ಅಂಗಳದಲ್ಲಿ ಬೆಂಕಿಗೆ ಬೇಕಾದದ್ದೆಲ್ಲ ಸಾಲಾಗಿ ಇರುತ್ತದೆ. ಅಡಿಕೆ ಸಿಪ್ಪೆಯ ರಾಶಿ, ಸೋಗೆ, ದರಗು, ಔಷಧಿ ಹೊಡೆಯುವ ಪಂಪಿನ ಪೆಟ್ರೋಲ್ ಕ್ಯಾನು. ಗ್ರೈಂಡರಿನ ಕಿಡಿ, ವೆಲ್ಡಿಂಗಿನ ಕಿಡಿ ಹತ್ತು ಮೀಟರ್ ತನಕ ಹಾರಬಲ್ಲವು. ಸಿಪ್ಪೆಯೊಳಗೆ ಹೊಕ್ಕ ಕಿಡಿ ಒಳಗೊಳಗೇ ಕೆಂಡವಾಗಿ ನೀವು ಊಟ ಮಾಡಿ ಮಲಗಿದ ಮೇಲೆ ಎದ್ದು ನಿಲ್ಲುತ್ತದೆ. ಕೆಲಸ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಎಲೆಯಡಿಕೆ ಹಾಕಿಕೊಳ್ಳಿ, ಪಕ್ಕದಲ್ಲಿ ನೀರಿನ ಕೊಡ, ಮರಳಿನ ಬಕೆಟ್ಟು ಇರಲಿ. ಗ್ರೈಂಡರಿನ ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡುವುದನ್ನು ನಮ್ಮಲ್ಲಿ ಜಾಣತನ ಎಂದುಕೊಂಡಿದ್ದಾರೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತಿಗಿಂತ ಹೆಚ್ಚು ತಿರುಗುವ ಕಟಿಂಗ್ ವೀಲ್ ಒಡೆದಾಗ ಚೂರು ಎಲ್ಲಿಗೆ ಹೋಗುತ್ತದೆ ಎಂದು ಆ ಜಾಣರನ್ನೇ ಕೇಳಬೇಕು.

ಆರ್ಕನ್ನು ಬರಿಗಣ್ಣಲ್ಲಿ ನೋಡಿದರೆ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಹಲವು ಗಂಟೆ ಕಳೆದು, ನಡುರಾತ್ರಿ, ಕಣ್ಣಿಗೆ ಮರಳು ಹಾಕಿ ಉಜ್ಜಿದಂತಾಗುತ್ತದೆ. ಹಳ್ಳಿಗಳಲ್ಲಿ ಆಲೂಗಡ್ಡೆ ಬಿಲ್ಲೆ ಇಡುತ್ತಾರೆ, ಎದೆಹಾಲು ಬಿಡುತ್ತಾರೆ. ಅದೆಲ್ಲ ಬಿಟ್ಟು ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹೆಲ್ಮೆಟ್ಟಿನ ಗಾಜು 10 ಅಥವಾ 11ನೇ ನಂಬರಿನದಿರಲಿ. ನೋಡಲು ಬರುವ ಮಕ್ಕಳನ್ನು ದೂರ ಕಳಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ, ಆದರೂ ಮಾಡಿ. ಇನ್ನು ಜಿಐ ಬೇಡ ಎಂದೆನಲ್ಲ, ಅದರ ಕಾರಣ: ಆ ಬಿಳಿ ಲೇಪನ ಸತು. ಶಾಖಕ್ಕೆ ಹೊಗೆಯಾಗಿ ಎದ್ದು ಉಸಿರಿನಲ್ಲಿ ಹೋದರೆ ಸಂಜೆಗೆ ಚಳಿ, ಜ್ವರ, ಮೈಕೈ ನೋವು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಾಲು ಕುಡಿದರೆ ಏನೂ ಆಗುವುದಿಲ್ಲ ಎಂಬ ನಂಬಿಕೆ ವೆಲ್ಡರುಗಳಲ್ಲಿ ಗಟ್ಟಿಯಾಗಿದೆ. ಹಾಲು ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ವೆಲ್ಡ್ ಮಾಡುವ ಜಾಗದ ಲೇಪನ ಕೆರೆದು ತೆಗೆದು, ಗಾಳಿಯಾಡುವ ಕಡೆ ನಿಂತು ಮಾಡಿ.

ಮೇಜು ಮುಗಿದ ಮೇಲೆ ಹುಡುಗ ಮೊದಲು ಮಾಡಿದ್ದು ಕೈಗಾಡಿಯ ಚೌಕಟ್ಟು. ದಾರ ಎಳೆದು ನೋಡಿದಾಗ ನಡುವೆ ಸೋಕಿತು. ಅವನ ಮುಖ ನೋಡುವಂತಿತ್ತು. ಈಗ ಸುತ್ತಲಿನವರ ಪಂಪುಸೆಟ್ಟಿನ ಸ್ಟ್ಯಾಂಡು, ಕೊಟ್ಟಿಗೆಯ ಬಾಗಿಲು ಬರುತ್ತಿವೆ. ಸ್ಟೀಲ್ ಪಾತ್ರೆಯಂಥ ತುಕ್ಕು ಹಿಡಿಯದ ಲೋಹ ತಂದರೆ ಕೆಳಗೊಂದು ಬೇರೆ ತಗಡು ಹಾಸಬೇಕು, ಇಲ್ಲವಾದರೆ ಮೇಜಿನ ಕಬ್ಬಿಣದ ಪುಡಿ ಅಂಟಿಕೊಂಡು ಅದಕ್ಕೂ ತುಕ್ಕಿನ ಚುಕ್ಕೆ ಬರುತ್ತದೆ. ಅಂಟಿದ ಉಗುಳನ್ನು ಆಯಾ ದಿನವೇ ಉಳಿಯಲ್ಲಿ ಕೆತ್ತಿ ತೆಗೆಯುವುದು, ಮಳೆಗಾಲದಲ್ಲಿ ತೆಳ್ಳಗೆ ಎಣ್ಣೆ ಒರೆಸಿ ಮುಚ್ಚುವುದು, ಮತ್ತೆ ವೆಲ್ಡ್ ಮಾಡುವ ಮೊದಲು ಆ ಎಣ್ಣೆಯನ್ನು ಬಟ್ಟೆಯಲ್ಲಿ ತೆಗೆಯುವುದು, ಇಷ್ಟೇ ಸೇವೆ. ಸುತ್ತಿಗೆಯಲ್ಲಿ ಬಡಿದು ಪಟ್ಟಿ ಬಾಗಿಸುವ ಕೆಲಸಕ್ಕೆ ಮಾತ್ರ ಬೇರೆ ಕಬ್ಬಿಣದ ತುಂಡು ಇಟ್ಟುಕೊಳ್ಳಿ. ಅಳತೆಯ ಪಟ್ಟಿಯಿಂದ ಯಾರೂ ಮೊಳೆ ಹೊಡೆಯುವುದಿಲ್ಲ.

ಪ್ಲೇಟು, ಪೈಪು ಸೇರಿ ಕೊಳ್ಳಬೇಕಾದ ಉಕ್ಕು ಸುಮಾರು 110 ಕಿಲೋ. ನಿಮ್ಮೂರಿನ ದರದಿಂದ ಗುಣಿಸಿಕೊಳ್ಳಿ, ಅದಕ್ಕೆ ಬೋಲ್ಟು, ರಾಡು, ನಾಲ್ಕು ಒಳ್ಳೆಯ ಸಿ-ಕ್ಲ್ಯಾಂಪು ಸೇರಿಸಿ. ಅಷ್ಟು ದುಡ್ಡು ಕೈಯಲ್ಲಿ ಇಲ್ಲವಾದರೆ ಮೇಜಿನ ಉದ್ದ ಕಡಿಮೆ ಮಾಡಿ, ಮೂರಡಿಯದ್ದೂ ನಡೆಯುತ್ತದೆ. ದಪ್ಪ ಕಡಿಮೆ ಮಾಡಬೇಡಿ, ಪರೀಕ್ಷೆ ಮಾಡದೆ ಪ್ಲೇಟು ತರಬೇಡಿ. ಅಂಗಡಿಗೆ ಹೋಗುವಾಗ ಉದ್ದದ ಪಟ್ಟಿ, ಟಾರ್ಚು, ದಾರ, ನಾಲ್ಕು ನಟ್ಟು ಚೀಲದಲ್ಲಿರಲಿ.